ಸಾಕ್ಷಿ ಸುಮ್ಮನಿದ್ದ ಹೊತ್ತು

"ಏನಮ್ಮಾ ಮೌನಗೌರಿ, ನಿನ್ನ ಬ್ರಾಕೆಟ್ಟು ಒಬ್ಬನನ್ನ ಜೈಲಿಂದ ಬಿಡಿಸ್ತು ನೋಡು!" ಎನ್ನುತ್ತ ಹಿರಿಯ ಗುಮಾಸ್ತರು ಮೇಲಿನ ಕೋರ್ಟಿನ ತೀರ್ಪನ್ನು ಟೈಪಿಸ್ಟ್ ಹುಡುಗಿಯ ಮೇಜಿನ ಮೇಲೆ ಹಾಕಿದರು. "ಇಪ್ಪತ್ತೆರಡು ಪುಟದಲ್ಲಿ ಆರು ಪುಟ ಅದರ ಮೇಲೇ ಬರೆದಿದ್ದಾರೆ. ಸುಮ್ಮನಿದ್ದದ್ದನ್ನೆಲ್ಲ ಟೈಪ್ ಮಾಡೋಕೆ ಯಾರಾದ್ರೂ ಸಂಬಳ ಕೊಡ್ತಾರಾ ಅಂತ ಆವತ್ತು ಬೈದಿದ್ದೆ. ಆ ಬೈಗುಳ ವಾಪಸ್ ತಗೊಂಡೆ."

ಅವಳು ನಗಲು ನೋಡಿದಳು, ನಗು ಬರಲಿಲ್ಲ. ಮೂರು ವರ್ಷದ ಹಿಂದಿನ ಕೇಸು. ಪಾಲುದಾರನ ಗೋದಾಮಿಗೆ ಬೆಂಕಿ ಇಟ್ಟನೆಂದು ಬೇಕರಿಯವನೊಬ್ಬನಿಗೆ ಏಳು ವರ್ಷ ಶಿಕ್ಷೆಯಾಗಿತ್ತು. ಬೆಂಕಿ ಹತ್ತಿದಾಗ ಓಡಿಹೋದವನನ್ನು ಕಂಡಿದ್ದು ಅದೇ ಬೀದಿಯ ಅಜ್ಜಿಯೊಬ್ಬರೇ. 'ಓಡಿಹೋದವನು ಇವನೇನಾ?' ಎಂಬ ಪ್ರಶ್ನೆಗೂ 'ಹೌದು, ಇವನೇ' ಎಂಬ ಉತ್ತರಕ್ಕೂ ನಡುವೆ ಅವಳು ಬ್ರಾಕೆಟ್ ಹಾಕಿ 'ಸಾಕ್ಷಿ ಬಹಳ ಹೊತ್ತು ಸುಮ್ಮನಿದ್ದು' ಎಂದು ಟೈಪ್ ಮಾಡಿದ್ದಳು. ಶಿಕ್ಷೆ ಕೊಟ್ಟ ನ್ಯಾಯಾಧೀಶರು ಅದನ್ನು ಗಮನಿಸಿರಲೇ ಇಲ್ಲ. ಮೇಲಿನ ಕೋರ್ಟಿನವರು ಸಾಕ್ಷಿಯ ಮುಖ ನೋಡುವುದಿಲ್ಲ, ಕಾಗದ ಓದುತ್ತಾರೆ. ಅಷ್ಟು ಹೊತ್ತು ತಡೆದು ಹೇಳಿದ ಒಂದೇ ಒಂದು ಮಾತನ್ನು ನಂಬಿ ಒಬ್ಬ ಮನುಷ್ಯನ ಏಳು ವರ್ಷ ಕಿತ್ತುಕೊಳ್ಳಲಾಗದು ಎಂದು ಬರೆದಿದ್ದರು.

ಅವಳಿಗೊಬ್ಬಳಿಗೇ ಗೊತ್ತಿದ್ದದ್ದು ಬೇರೆ. ಸಾಕ್ಷಿ ವಿಚಾರಣೆಯ ಆ ಮಧ್ಯಾಹ್ನ ಕೋರ್ಟಿನ ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿಯಿಂದ ಬಿಳಿ ಪರದೆಯೊಂದು ಗಾಳಿ ತುಂಬಿಕೊಂಡು ಹೊರಗೆ ಬಂದಿತ್ತು. ನಿದ್ದೆ ಹೋದವರ ಎದೆಯ ಹಾಗೆ ನಿಧಾನ ಉಬ್ಬುವುದು, ನಿಧಾನ ಇಳಿಯುವುದು. ವಕೀಲರ ಪ್ರಶ್ನೆ ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳಿಸಿದಾಗ ಪರದೆ ಉಬ್ಬುತ್ತಿತ್ತು. ಉತ್ತರ ಕೇಳಿಸಿದಾಗ ಅದು ಒಳಗೆ ಹೋಗಿ ಗೋಡೆಗೆ ಒರಗಿಕೊಂಡಿತ್ತು. ನಡುವೆ ಎಷ್ಟೊಂದು ಹೊತ್ತು! ಅಷ್ಟರಲ್ಲಿ ಅವಳು ಆ ಕೋಣೆಯೊಳಗೆ ಹೋಗಿ, ಯಾರದೋ ಮಂಚದ ಅಂಚಿನಲ್ಲಿ ಕೂತು, ಎದ್ದು ಬಂದಿದ್ದಳು. ಬೆರಳುಗಳು ತಮ್ಮ ಪಾಡಿಗೆ ತಾವು ಬ್ರಾಕೆಟ್ ಹಾಕಿ ಮುಗಿಸಿದ್ದವು. ಸುಮ್ಮನಿದ್ದದ್ದು ಅಜ್ಜಿಯೋ, ಎಚ್ಚರ ತಪ್ಪಿ ಕೂತಿದ್ದ ತಾನೋ?

"ಸರ್, ಸರ್ಕಾರದವರು ಇದರ ಮೇಲೆ ಮತ್ತೆ ಅಪೀಲು ಹೋದ್ರೆ ನನ್ನನ್ನ ಕರೆದು ಕೇಳ್ತಾರಾ?"

"ಕೇಳ್ಲಿ ಬಿಡು. ಕಂಡಿದ್ದನ್ನ ಹೇಳೋಕೆ ನಿನಗೇನು ಭಯ?" ಗುಮಾಸ್ತರು ಟೀಗೆ ಹೊರಟೇಬಿಟ್ಟರು. ಪರದೆಯ ವಿಷಯ ಹೇಳಿದರೆ ಆ ಮನುಷ್ಯ ಮತ್ತೆ ಒಳಗೆ. ಹೇಳದಿದ್ದರೆ, ಬೆಂಕಿ ಇಟ್ಟವನು ಅವನೇ ಆಗಿದ್ದರೆ?

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಜ್ಜಿ. ಮೂರು ವರ್ಷದಲ್ಲಿ ಇನ್ನಷ್ಟು ಕುಗ್ಗಿ ಹೋಗಿದ್ದರೂ ಗುರುತು ಸಿಕ್ಕಿತು. ಒಳಗೆ ಬಂದು, ಕೇಳದೆಯೇ ಗುಮಾಸ್ತರ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು ಕಾಲು ಮೇಲೆ ಎತ್ತಿಕೊಂಡರು.

"ನಾನು ಆವತ್ತು ಬಹಳ ಹೊತ್ತು ಸುಮ್ಮನಿದ್ದೆನಂತೆ. ಪೇಪರಲ್ಲಿ ಬಂದಿದೆ, ಮೊಮ್ಮಗಳು ಓದಿ ಹೇಳಿದ್ಲು. ಬರೆದಿದ್ದು ನೀನೇ ತಾನೆ?"

"ಹೌದು ಅಜ್ಜಿ. ನೀವು... ಸುಮ್ಮನಿದ್ರಿ ಅಲ್ವಾ?"

"ಎಲ್ಲಿ ಬಂತು! ವಕೀಲ ಕೇಳಿ ಮುಗಿಸೋದರೊಳಗೆ ಹೌದು ಅಂದುಬಿಟ್ಟೆ. ತಡೆದ್ರೆ ಎಲ್ಲಿ ನಿಜ ಬಾಯಿಗೆ ಬಂದುಬಿಡುತ್ತೋ ಅಂತ. ನಾನು ಕಂಡಿದ್ದು ಬೆನ್ನು, ಮಗಳೇ. ಮುಖ ಕಾಣಲೇ ಇಲ್ಲ. ಬೀದಿಯೋರೆಲ್ಲ ಅವನೇ ಅವನೇ ಅಂತಿದ್ರು. ಅಷ್ಟು ಜನರ ಮಾತಿನ ಜೊತೆ ನಂದೂ ಒಂದಿರಲಿ ಅಂತ ಸೇರಿಸಿದೆ."

ಕೋಣೆಯೇ ಒಂದು ಗೇಣು ಮೇಲೆದ್ದು ತೇಲಿದಂತಾಯಿತು. "ಹಾಗಾದ್ರೆ ನಾನು ಬರೆದಿದ್ದು ಸುಳ್ಳು."

"ಸುಳ್ಳೇ." ಅಜ್ಜಿ ತಲೆಯಾಡಿಸಿದರು. "ಆದ್ರೆ ಸಹಿಗೆ ಮುಂಚೆ ಎಲ್ಲ ಓದಿ ಹೇಳಿದೆಯಲ್ಲ ನೀನು? ಮಗು ಮಲಗಿಸೋರ ಥರ ಮೆಲ್ಲಗೆ ಓದಿದೆ. ಆ ಜಾಗ ಬಂದಾಗ ನನಗೆ ಹೇಗಾಯ್ತು ಗೊತ್ತಾ? ಯಾರೋ ಪುಣ್ಯಾತ್ಮರು ನನ್ನ ಬದಲು ಸುಮ್ಮನಿದ್ದಾರೆ ಅನ್ನಿಸ್ತು. ಹಾಗಿಲ್ಲ, ತಿದ್ದು ಅನ್ನಬಹುದಿತ್ತು. ಅನ್ನಲಿಲ್ಲ. ಸಹಿ ಹಾಕಿದೆ. ನನ್ನ ಕೈಲಾಗಿದ್ದು ಅಷ್ಟೇ ನಿಜ."

ಹುಡುಗಿ ತೀರ್ಪಿನ ಹಾಳೆಗಳನ್ನು ಒಟ್ಟು ಮಾಡಿ ಮೇಜಿಗೆ ತಟ್ಟಿ ಸಮ ಮಾಡಿದಳು. ಮತ್ತೆ ಚದುರಿಸಿ ಮತ್ತೆ ಸಮ ಮಾಡಿದಳು. ಹಾಗೇ ಎಷ್ಟು ಹೊತ್ತು ಕಳೆಯಿತೋ, ಲೆಕ್ಕ ಇಟ್ಟವರಿಲ್ಲ.

"ಯಾರಿಗೂ ಹೇಳಲ್ಲ ಅಜ್ಜಿ," ಎಂದಳು ಕೊನೆಗೆ.

"ಅಯ್ಯೋ, ಅದಕ್ಕಲ್ಲ ಬಂದಿದ್ದು." ಅಜ್ಜಿ ಕಾಲು ಕೆಳಗಿಳಿಸಿ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. "ನಾಳೆ ಬೆಳಿಗ್ಗೆ ಅವನು ಮನೆಗೆ ಬರ್ತಾನೆ. ನಮಗೂ ಅವನಿಗೂ ಒಂದೇ ಮೆಟ್ಟಿಲು, ಎದುರಾಗಲೇಬೇಕು. ಮೂರು ವರ್ಷದಿಂದ ಹುಡುಕ್ತಾ ಇದೀನಿ, ಅವನಿಗೆ ಹೇಳೋಕೆ ಒಂದು ಮಾತೂ ಸಿಗ್ತಿಲ್ಲ. ನಿನಗೆ ಇಂಥದ್ದು ತಾನಾಗಿ ಬರುತ್ತೆ. ಎರಡೇ ಎರಡು ಸಾಲು ಬರೆದುಕೊಡು, ತಾಯಿ. ಕೆಳಗೆ ಸಹಿ ನಾನು ಹಾಕ್ತೀನಿ."