ಗ್ರೇಸ್ ಮಾರ್ಕ್ಸ್

"ಇದೂ ಪಾಸಾಗ್ಲಿಲ್ವಾ ಡಾಕ್ಟ್ರೇ?" ಎಂದು ಟೀಚರಮ್ಮ ಕೇಳಿದಾಗ, ದರ್ಜೆ ಬರೆಯುವ ಖಾನೆಯ ಮೇಲೆ ಡಾಕ್ಟರ ಪೆನ್ನು ಹಾಗೇ ನಿಂತಿತು. ಮೇಜಿನ ಮೇಲಿದ್ದದ್ದು ಗರ್ಭಕ್ಕೆ ಸೇರಿಸಲು ಲ್ಯಾಬಿನಲ್ಲಿ ಉಳಿದಿದ್ದ ಕೊನೆಯ ಭ್ರೂಣದ ಫೋಟೊ.

"ನಾಲ್ಕನೇ ದಿನಕ್ಕೇ ಬೆಳವಣಿಗೆ ನಿಂತೋಗಿದೆ ಟೀಚರ್. ಇವತ್ತು ಬೆಳಿಗ್ಗೆ ನೋಡಿದಾಗ್ಲೂ ಅಷ್ಟೇ ಇತ್ತು. ಒಳಗಿಟ್ರೂ ಪ್ರಯೋಜನ ಇಲ್ಲ."

"ಹತ್ತೊಂಬತ್ತು ವರ್ಷದಿಂದ ಪೇಪರ್ ತಿದ್ತಿದೀನಿ. ಒಂದೆರಡು ಮಾರ್ಕ್ಸಿಗೆ ಯಾರನ್ನೂ ಫೇಲ್ ಮಾಡಿದೋಳಲ್ಲ ನಾನು. ಇದಕ್ಕೂ ಸ್ವಲ್ಪ ಗ್ರೇಸ್ ಮಾರ್ಕ್ಸ್ ಕೊಟ್ಬಿಡಿ," ಎಂದು ಟೀಚರಮ್ಮ ನಕ್ಕರು. ಪಕ್ಕದಲ್ಲಿ ಕೂತಿದ್ದ ಗಂಡ ತಾನೂ ನಗಲು ಹೋಗಿ, ಆಗದೆ, ಕನ್ನಡಕ ತೆಗೆದು ಒರೆಸತೊಡಗಿದ.

ಟೀಚರಮ್ಮ ಫೋಟೊವನ್ನು ತಮ್ಮ ಕಡೆಗೆ ಎಳೆದುಕೊಂಡು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು. ಅಂಕ ಹಾಕುತ್ತಾರೇನೋ ಎಂದು ಗಂಡ ಗಾಬರಿಯಿಂದ ಕೈ ಚಾಚಿದ. ಅವರು ಅಂಕ ಹಾಕಲಿಲ್ಲ. ಫೋಟೊದ ಬಿಳಿ ಅಂಚಿನ ಮೇಲೆ, ದಿನಾ ತರಗತಿಯಲ್ಲಿ ಹಾಕುವಂತೆಯೇ, ಸಾಲಾಗಿ ರೈಟ್ ಮಾರ್ಕು ಹಾಕುತ್ತಾ ಹೋದರು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಜಾಗದಲ್ಲಿ ಪೆನ್ನು ಊರಿ, ತುಸು ಹೊತ್ತು ಕಾದು, ಎತ್ತಿಕೊಂಡರು.

"ಹಾಜರಿ," ಎಂದರು. "ನಾಲ್ಕು ದಿನ ಬಂದಿತ್ತಲ್ಲ."