ಪಾಟಿ ಎದ್ದ ಮಧ್ಯಾಹ್ನ

ನಮ್ಮ ಕಡೆ ಲೆಕ್ಕ ಸರಿಬಂದರೆ ಪಾಟಿ, ಅಂದರೆ ಬರೆದ ಸ್ಲೇಟು, ನೆಲ ಬಿಟ್ಟು ಏಳುತ್ತದೆ. ರಾತ್ರಿಶಾಲೆಯಲ್ಲಿ ನಾನು ಮೊದಲ ಭಾಗಾಕಾರ ಮಾಡಿದಾಗ ನನ್ನ ಪಾಟಿಯೂ ಬೆರಳೆತ್ತರ ಎದ್ದಿತ್ತು. ಸೊಸೆ ಇಂದುಮತಿಯ ಪಾಟಿ ಬಾಗಿಲಷ್ಟು ಅಗಲ. ಅವಳ ಪ್ರಮೇಯ ಮುಗಿಯದೆ ಅದು ವರ್ಷಗಳಿಂದ ಪಡಸಾಲೆಯಲ್ಲಿ ಮಲಗೇ ಇತ್ತು.

"ನಾಳೆ ಸಂಶೋಧನೆ ಬಿಡ್ತೀನ್ರಿ ಅತ್ತಿ," ಎಂದಳು, ಅಳುವ ಮಗಳನ್ನು ತಟ್ಟುತ್ತ. "ಇಕಿನ್ನ ಹೊತ್ಕೊಂಡು ಗಣಿತ ಆಗೂದಿಲ್ರಿ."

"ಹೊತ್ಕೋ ಅಂದವ್ರ್ಯಾರು? ಕೂಸಿನ್ನ ಇಲ್ಲಿ ಕೊಡು. ನಿನ್ನ ಗಂಡ ರೊಟ್ಟಿ ಬಡೀಲಿ, ಅವನ ಕೈ ಏನ್ ಸವೆಯೂದಿಲ್ಲ. ನೀ ಬರಿ."

"ಸುಟ್ರ ನನ್ನ ಬೈಬ್ಯಾಡ್ರೆವ್ವ!" ಎಂದ ಮಗ ಅಡುಗೆಮನೆಯಿಂದ.

ಇಂದುಮತಿ ಬಳಪ ಹಿಡಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಕೂಸು ಬಿಕ್ಕುತ್ತಲೇ ನನ್ನ ತೊಡೆಯಿಂದ ಜಾರಿ, ಪಾಟಿಯ ಖಾಲಿ ಮೂಲೆಗೆ ಹೋಗಿ ಕೂತಿತು. ಅದು ಅವಳಿಗೆ ಗೊತ್ತೂ ಆಗಲಿಲ್ಲ. ಅವಳು ಕೊನೆಯ ಸಾಲು ಬರೆಯುತ್ತಿದ್ದಳು.

ಪಾಟಿ ಎದ್ದಿತು. ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ, ಕೂಸನ್ನು ಹೊತ್ತುಕೊಂಡೇ, ಒಂದಿಷ್ಟೂ ವಾಲದೆ. ಮಗ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತುಬಿಟ್ಟ. ಕೂಸು ಅಳು ನಿಲ್ಲಿಸಿ ನಮ್ಮೆಲ್ಲರನ್ನೂ ಮೇಲಿಂದ ನೋಡಿತು.

"ಇಳಸ್ಲೇನವ್ವ?" ಎಂದೆ, ಕೂಸಿನತ್ತ ಕೈ ಚಾಚಿ.

"ಇರ್ಲಿ ಬಿಡ್ರಿ ಅತ್ತಿ, ಆರಾಮ ಕುಂತಾಳ," ಎಂದಳು ಇಂದುಮತಿ. "ಇನ್ನೊಂದು ಬಳಪ ಕೊಡ್ರಿ. ಮುಂದಿಂದು ಕಾಣಾಕತ್ತೈತಿ."