ನಟರು ಬೇಡ

ಕ್ಷೌರದ ಕತ್ತಿ ನಿರ್ದೇಶಕರ ಗಂಟಲ ಮೇಲಿತ್ತು.

ಹಿಡಿದವನು ನಟ. ಹದಿನೈದು ವರ್ಷ ಪ್ರಾಯೋಗಿಕ ನಾಟಕಗಳಲ್ಲಿ ಗೋಡೆಯಾಗಿ, ನದಿಯಾಗಿ, ಒಮ್ಮೆ ಮುರಿದ ಕುರ್ಚಿಯಾಗಿ ಮೆರೆದವನು. ಅವನಿದ್ದ ಸಣ್ಣ ಬಜೆಟ್ಟಿನ ಸಿನಿಮಾಗಳು ದೇಶವಿದೇಶ ಸುತ್ತಿ ಬಂದವು, ಅವನ ಊರಿನ ಟಾಕೀಸಿಗೆ ಮಾತ್ರ ಬರಲಿಲ್ಲ. “ನಿನಗೆ ಮಾತಿರೋ ಪಾತ್ರ ಯಾವಾಗಪ್ಪಾ ಕೊಡ್ತಾರೆ?” ಎಂದು ಅಮ್ಮ ಕೇಳಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ಈಗ ಅಂಥದೊಂದು ಪಾತ್ರವಿತ್ತು. ಕ್ಷೌರಿಕನೊಬ್ಬನ ಕಥೆ, ಸಿನಿಮಾ ತುಂಬ ಅವನದೇ ಮಾತು. ಆದರೆ ನಿರ್ದೇಶಕರದು ಒಂದೇ ಹಟ: ನಟರು ಬೇಡ, ಅಸಲಿ ಕ್ಷೌರಿಕನೇ ಬೇಕು. ನಟರ ವಾಸನೆ ತಮಗೆ ಮಾರು ದೂರದಿಂದಲೇ ಹೊಡೆಯುತ್ತದೆ ಎಂದು ಪತ್ರಿಕೆಗಳಲ್ಲಿ ಕೊಚ್ಚಿಕೊಂಡಿದ್ದರು.

ಅವರು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರಿದ. ಅವರ ಆಫೀಸಿನ ಕೆಳಗೇ ಹೊಸದಾಗಿ ಶುರುವಾಗಿದ್ದ ಕಟಿಂಗ್ ಶಾಪಿನಲ್ಲಿ ಕೆಲಸಕ್ಕೆ ಸೇರಿಕೊಂಡ. ಯಜಮಾನರು ಹಿಂದುಮುಂದು ಏನೂ ಕೇಳಲಿಲ್ಲ. ದಿನಾ ಬಾಗಿಲು ತೆಗೆಯುವ ಮುನ್ನ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವ ಶಿಸ್ತಿನ ಮನುಷ್ಯ. ಬೆಂಚಿನ ಮೇಲೆ ಕಾಯುವ ಗಿರಾಕಿಗಳಿಗೆ ಅಪ್ಪಿತಪ್ಪಿಯೂ ಬೆನ್ನು ತೋರಿಸುತ್ತಿರಲಿಲ್ಲ. ಎಂಥ ಮರ್ಯಾದಸ್ಥರು ಎಂದುಕೊಂಡ ಇವನು. ಬಲೂನಿಗೆ ನೊರೆ ಹಚ್ಚಿ ಕತ್ತಿ ಆಡಿಸಿ ಕಲಿತ. ಆಮೇಲೆ ಗಿರಾಕಿಯೊಬ್ಬರ ಅರ್ಧ ಮೀಸೆ ಬಲಿಯಾದದ್ದು ಬಿಟ್ಟರೆ ಕೆಲಸ ಚೆನ್ನಾಗಿಯೇ ಕೈಗೆ ಹತ್ತಿತು.

ಇವತ್ತು ಕೊನೆಗೂ ನಿರ್ದೇಶಕರು ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂತಿದ್ದರು. ಇವನು ಒಂದು ಗೀರೂ ಆಗದಂತೆ ಕ್ಷೌರ ಮುಗಿಸಿದ. ಅವರು ಮುಖ ಒರೆಸಿಕೊಂಡು, ಯಾವ ನಾಟಕ ತಂಡ ಎಂದು ಕೇಳಿದರು.

ಇವನು ಕತ್ತಿ ಕೆಳಗಿಟ್ಟು, ಹೇಗೆ ಗೊತ್ತಾಯಿತು ಎಂದು ಅವರನ್ನೇ ಕೇಳಿದ.

“ಕ್ಷೌರ ಮಾಡೋನು ನನ್ನ ಕೆನ್ನೆ ನೋಡ್ತಾನೆ ಕಣ್ರೀ. ನೀವು ಇಷ್ಟು ಹೊತ್ತೂ ಕನ್ನಡೀಲಿ ನಿಮ್ಮನ್ನೇ ನೋಡ್ಕೊಂಡ್ರಿ.”

ಆಮೇಲೆ ಅವರು ಪಕ್ಕದ ಕುರ್ಚಿಯತ್ತ ತಿರುಗಿದರು. ಯಜಮಾನರು ತಮ್ಮ ಪಾಡಿಗೆ ತಾವು ಯಾರದೋ ಕಿವಿ ಪಕ್ಕ ಕತ್ತರಿ ಆಡಿಸುತ್ತಿದ್ದರು. ನಿರ್ದೇಶಕರ ಕಣ್ಣು ಅರಳಿತು. ತಮ್ಮ ನಾಯಕ ಇವರೇ ಎಂದುಬಿಟ್ಟರು. ತಮಗೆ ನಟನೆಯೆಲ್ಲ ಬರುವುದಿಲ್ಲ ಎಂದು ಯಜಮಾನರು ತೊದಲಿದರು. ಅದಕ್ಕೇ ನೀವು ಬೇಕು ಎಂದು ಅವರ ಕೈ ಕುಲುಕಿ, ನಿರ್ದೇಶಕರು ಮೆಟ್ಟಿಲು ಹತ್ತಿ ಹೋದರು. ಗಿರಾಕಿಯೂ ಎದ್ದು ಹೋದ.

ನಟನಿಗೆ ಅಳುವೇ ಬಂತು. ಅಮ್ಮನಿಗೆ ಇನ್ನು ಯಾವ ಮುಖ ತೋರಿಸುವುದು? ಆದರೂ ಸೋತದ್ದು ಅಸಲಿ ಕಸುಬಿನವರಿಗೆ ತಾನೇ ಎಂದು ಸಮಾಧಾನ ಮಾಡಿಕೊಂಡು, ಯಜಮಾನರಿಗೆ ಕೈ ಮುಗಿದ.

ಯಜಮಾನರು ಬಾಗಿಲು ಹಾಕಿ, ಏಪ್ರನ್ ಕಳಚಿ, ರಂಗಮಂದಿರದ ಕೊನೆಯ ಸಾಲಿಗೂ ಮುಟ್ಟುವಂಥ ತುಂಬುದನಿಯಲ್ಲಿ ಹೇಳಿದರು: “ನಿನ್ನ ನಾಟಕ ಎಲ್ಲಾ ನೋಡಿದೀನಿ ತಮ್ಮಾ, ಪಕ್ಕದಲ್ಲಿ ಒಬ್ಬ ನಟ ನಿಂತಿದ್ರೆ ತಾನೇ ನನ್ನಂಥ ನಟ ಅಸಲಿ ಅಂತ ಕಾಣೋದು?”